ಕೌದಿಗೆ ಎಷ್ಟು ಮಾರ್ಕ್ಸ್?

ಕಳೆದ ಮಂಗಳವಾರ ಎತ್ತರದ ಹೆಂಗಸೊಬ್ಬರು ನಮ್ಮ ಅಟ್ಟದ ಕೋಣೆಯಲ್ಲಿ ನಿಂತು ನಮ್ಮ ಅತ್ತೆಯವರ ಬಗ್ಗೆ ಮೂರು ಪ್ರಶ್ನೆ ಕೇಳಿದರು. ಎಷ್ಟು ಸೆಂಟಿಮೀಟರ್ ದಪ್ಪ? ಯಾವ ವರ್ಷದ ತಯಾರಿಕೆ? ಬಿಲ್ ಇದೆಯೇ?

(ಅತ್ತೆಯವರ ಬಗ್ಗೆ ಅಲ್ಲ, ಅತ್ತೆಯವರು ಹೊಲಿದ ಕೌದಿಯ ಬಗ್ಗೆ ಎಂದು ನಮ್ಮವರು ಪಕ್ಕದಲ್ಲಿ ಕೂತು ತಿದ್ದುತ್ತಿದ್ದಾರೆ. ತಿದ್ದಲಿ.)

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಕ್ರಮ ತಪ್ಪಿದರೆ ನನಗೆ ಊಟ ಸೇರುವುದಿಲ್ಲವೆಂದು ಈ ಅಂಕಣ ಓದುವವರಿಗೆ ಗೊತ್ತೇ ಇದೆ.

ನಾವು ಮನೆ ಮಾರುತ್ತಿದ್ದೇವೆ. ಡಚ್ಚರ ನಾಡಿನ ವಾಗೆನಿಂಗನ್ ಊರಿನ ಈ ಸಾಲುಮನೆಗೆ ಬಂದು ಮೂವತ್ತೊಂದು ವರ್ಷ. ನಾನು ಬೀಜದ ಲ್ಯಾಬಿನಲ್ಲಿ, ನಮ್ಮವರು ಮಣ್ಣಿನ ಲ್ಯಾಬಿನಲ್ಲಿ ದುಡಿದು ನಿವೃತ್ತರಾದೆವು. ಮನೆಯ ಮೇಲೆ ನಮಗೆ ಯಾವ ದೂರೂ ಇಲ್ಲ. ದೂರು ಇರುವುದು ಮೆಟ್ಟಿಲಿನ ಮೇಲೆ. ಇಲ್ಲಿನ ಮೆಟ್ಟಿಲು ಮೆಟ್ಟಿಲಲ್ಲ, ಗೋಡೆಗೆ ಒರಗಿಸಿಟ್ಟ ಏಣಿ. ನಮ್ಮವರ ಮೊಣಕಾಲು ಹೋದ ವರ್ಷವೇ ಮುಷ್ಕರ ಹೂಡಿತು. ಇದೇ ಊರಿನಲ್ಲಿ ಲಿಫ್ಟ್ ಇರುವ ಫ್ಲ್ಯಾಟ್ ಒಂದನ್ನು ಒಪ್ಪಿಕೊಂಡು ಸಹಿಯನ್ನೂ ಹಾಕಿದೆವು. ಇನ್ನು ಉಳಿದದ್ದು ಈ ಮನೆ ಮಾರುವ ಕೆಲಸ.

ಇಲ್ಲಿ ಮನೆ ಮಾರಿಸಿಕೊಡುವ ದಲ್ಲಾಳಿಗೆ ಮಾಕೆಲಾರ್ ಎನ್ನುತ್ತಾರೆ. ನಮ್ಮ ಮಾಕೆಲಾರ್ ರಾಬ್ ಬಂದ. ಕಾಫಿ ಕುಡಿದ. ಒಂದು ಚಕ್ಕುಲಿ ತಿಂದ. ಆಮೇಲೆ, ಜಾಹೀರಾತು ಹಾಕುವ ಮೊದಲು ಮನೆಗೆ ಎನರ್ಜಿ ಲೇಬಲ್ ಮಾಡಿಸಬೇಕು ಎಂದ. ಫ್ರಿಜ್ಜಿನ ಮೇಲೆ ಅಂಟಿಸಿರುತ್ತಾರಲ್ಲ, ಹಸಿರಿನಿಂದ ಕೆಂಪಿಗೆ ಇಳಿಯುವ ಬಣ್ಣದ ಪಟ್ಟಿ, ಅದೇ. ಮನೆ ಎಷ್ಟು ಶಾಖವನ್ನು ಒಳಗೆ ಹಿಡಿದಿಡುತ್ತದೆ, ಎಷ್ಟನ್ನು ಹೊರಗೆ ಸೋರಿಸುತ್ತದೆ ಎಂದು ಒಬ್ಬರು ಬಂದು ಅಳೆದು ಒಂದು ಅಕ್ಷರ ಕೊಡುತ್ತಾರೆ. ಎ ಬಂದರೆ ಜಾಣ ಮನೆ. ಜಿ ಬಂದರೆ ಜರಡಿ.

ನಮ್ಮದಕ್ಕೆ ಸಿ ಬಂದರೆ ಸಾಕು ಎಂದ ರಾಬ್. ಡಿ ಬಂದರೆ ಕಷ್ಟ. ಈಗಿನ ಹುಡುಗರು ಫೋನಿನಲ್ಲಿ ಮನೆ ಹುಡುಕುವಾಗ 'ಸಿ ಮತ್ತು ಮೇಲೆ' ಎಂದು ಒತ್ತಿಬಿಡುತ್ತಾರಂತೆ. ಡಿ ಮನೆ ಅವರ ಕಣ್ಣಿಗೇ ಬೀಳುವುದಿಲ್ಲವಂತೆ. ಕಣ್ಣಿಗೆ ಬೀಳದ ಮನೆ ಮಾರಾಟವಾಗುವುದು ಯಾವಾಗ? ನಮ್ಮವರ ಮೊಣಕಾಲಿಗೆ ಲಿಫ್ಟ್ ಸಿಗುವುದು ಯಾವಾಗ? ಆಮೇಲೆ ರಾಬ್ ಇನ್ನೊಂದು ಮಾತು ಸೇರಿಸಿದ. ನೋಡಿದರೆ ನಿಮ್ಮದು ಡಿ ಇರಬಹುದು ಅನ್ನಿಸುತ್ತದೆ ಎಂದ.

ಡಿ!

ನಾನು ಧಾರವಾಡದ ಬೋರ್ಡಿಂಗ್ ಶಾಲೆಯಲ್ಲಿ ಓದಿದವಳು. ಬೆಳಿಗ್ಗೆ ಐದಕ್ಕೆ ಗಂಟೆ. ಐದೂ ಹತ್ತಕ್ಕೆ ಹಾಸಿಗೆಯ ಚಾದರ ನಾಲ್ಕು ಮಡಿಕೆ. ಐದೂ ಕಾಲಿಗೆ ಒಂದೇ ಬಕೆಟ್ ನೀರಿನಲ್ಲಿ ಸ್ನಾನ. ಆ ಶಾಲೆಯ ಪ್ರಗತಿ ಪತ್ರದಲ್ಲಿ ಏಳು ವರ್ಷ ಒಂದೇ ಸಾಲು ಇತ್ತು: ನಡತೆ, ಅತ್ಯುತ್ತಮ. ಅಂಥವಳು ಮೂವತ್ತೊಂದು ವರ್ಷ ನಡೆಸಿದ ಮನೆಗೆ ಡಿ?

ಪಕ್ಕದ ಮನೆಯ ಹೆಂಕ್ ವಿಷಯ ಬೇರೆ ಇತ್ತು. ಎರಡೂ ಮನೆಗೆ ನಡುವೆ ಒಂದೇ ಗೋಡೆ. ಒಬ್ಬನೇ ಕಟ್ಟಿದ್ದು, ಒಂದೇ ವರ್ಷ ಕಟ್ಟಿದ್ದು. ಹೆಂಕ್ ಜನವರಿಯಲ್ಲಿ ಮನೆಯೊಳಗೆ ಚಡ್ಡಿ ಹಾಕಿಕೊಂಡು ಓಡಾಡುತ್ತಾನೆ. ಹೀಟರ್ ಇಪ್ಪತ್ತಮೂರು ಡಿಗ್ರಿಗೆ. ಬೆಕ್ಕಿಗೆ ಅನುಕೂಲವಾಗಲೆಂದು ಹಿತ್ತಿಲ ಬಾಗಿಲು ಅರ್ಧ ತೆರೆದಿರುತ್ತದೆ. ಹೆಂಕ್ ಹೋದ ವರ್ಷ ಲೇಬಲ್ ಮಾಡಿಸಿದ್ದ. ಅವನಿಗೆ ಬಿ.

ಹೆಂಕ್‌ಗೆ ಬಿ ಬಂದರೆ ನನಗೆ ಎಷ್ಟು ಬರಬೇಕು? ನೀವೇ ಲೆಕ್ಕ ಹಾಕಿ.

ತಪಾಸಣೆಗೆ ಮರೈಕೆ ಎಂಬ ಹೆಂಗಸು ಮಂಗಳವಾರ ಹತ್ತು ಗಂಟೆಗೆ ಬರುತ್ತಾರೆ ಎಂದು ಗೊತ್ತಾಯಿತು. ಶನಿವಾರವೇ ವೇಳಾಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ನಮ್ಮ ಶಾಲೆಗೆ ಇನ್ಸ್‌ಪೆಕ್ಟರ್ ಬರುವ ಮುನ್ನ ಮಾಡುತ್ತಿದ್ದ ಹಾಗೆ. ಭಾನುವಾರ ಕಿಟಕಿಗಳ ರಬ್ಬರ್ ಪಟ್ಟಿ ಒರೆಸುವುದು. ಸೋಮವಾರ ಗಾಳಿ ನುಗ್ಗದಂತೆ ಬಾಗಿಲ ಸಂದಿಗಿಡುವ ಬಟ್ಟೆಯ ಹಾವು (ಹಳೆ ಸೀರೆಯಲ್ಲಿ ಚಿಂದಿ ತುಂಬಿ ನಾನೇ ಹೊಲಿದದ್ದು) ಒಗೆದು ಒಣಗಿಸುವುದು. ಮಂಗಳವಾರ ಎಂಟಕ್ಕೆ ಥರ್ಮೋಸ್ಟ್ಯಾಟ್ ಹದಿನೈದಕ್ಕೆ ಇಳಿಸುವುದು. ಒಂಬತ್ತಕ್ಕೆ ಎಲ್ಲ ದೀಪ ಆರಿಸುವುದು. ಒಂಬತ್ತೂವರೆಗೆ ಇಬ್ಬರೂ ಎರಡೆರಡು ಸ್ವೆಟರ್ ಹಾಕಿಕೊಂಡು ಕೂರುವುದು.

ನಮ್ಮವರು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರು.

"ಪದ್ದಿ, ಆಕಿ ಬರೋದು ಮನಿ ನೋಡ್ಲಿಕ್ಕೆ. ಕನ್ಯಾ ನೋಡ್ಲಿಕ್ಕೆ ಅಲ್ಲ."

ಆದರೂ ಮಂಗಳವಾರ ಒಂಬತ್ತೂವರೆಗೆ ಮಂಕಿ ಕ್ಯಾಪ್ ಹಾಕಿ, ಶಾಲು ಹೊದ್ದು ಸೋಫಾದ ತುದಿಯಲ್ಲಿ ಕೂತರು. ಮೂವತ್ತೊಂದು ವರ್ಷಗಳ ತರಬೇತಿ ಸುಮ್ಮನೆ ಹೋಗುವುದಿಲ್ಲ.

ಮರೈಕೆ ಒಂಬತ್ತು ಐವತ್ತೆಂಟಕ್ಕೆ ಬೆಲ್ ಒತ್ತಿದರು. (ಅಲ್ಲಿಗೇ ನನಗೆ ಆಕೆಯ ಮೇಲೆ ಗೌರವ ಮೂಡಿತು.) ನಲವತ್ತೈದರ ಆಸುಪಾಸಿನ, ಬಾಗಿಲಿಗೆ ತಲೆ ತಗ್ಗಿಸಬೇಕಾದಷ್ಟು ಎತ್ತರದ ಹೆಂಗಸು. ಶೂ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಏರಿಸಿಕೊಂಡರು. ಕೈಯಲ್ಲಿ ಕೆಂಪು ಚುಕ್ಕೆ ಬಿಡುವ ಅಳತೆಯ ಯಂತ್ರ, ಬಗಲಲ್ಲಿ ಟ್ಯಾಬ್ಲೆಟ್. ಒಳಗೆ ಬಂದವರೇ, ಹೀಟರ್ ಕೆಟ್ಟಿದೆಯೇ ಎಂದು ಕೇಳಿದರು. ಕೆಟ್ಟಿಲ್ಲ, ನಮ್ಮ ಮನೆಯ ಶಿಸ್ತೇ ಹೀಗೆ ಎಂದು ಹೆಮ್ಮೆಯಿಂದ ಹೇಳಿದೆ. ಆಕೆ ಜಾಕೆಟ್ಟಿನ ಜಿಪ್ಪನ್ನು ಗದ್ದದವರೆಗೆ ಎಳೆದುಕೊಂಡರು.

ನಾನು ನೋಟ್‌ಬುಕ್ ತೆಗೆದೆ. ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಗ್ಯಾಸ್ ಮೀಟರ್ ನೋಡಿ ಬರೆದಿಟ್ಟದ್ದು. ಮೂವತ್ತೊಂದು ವರ್ಷ, ಒಂದು ಭಾನುವಾರವೂ ತಪ್ಪಿಲ್ಲ. ಸ್ಕೇಲಿನಿಂದ ಎಳೆದ ಗೆರೆ. ನೀಲಿ ಶಾಯಿಯಲ್ಲಿ ಅಂಕಿ, ಕೆಂಪು ಶಾಯಿಯಲ್ಲಿ ಟಿಪ್ಪಣಿ. ಮರೈಕೆ ಎರಡು ಪುಟ ನೋಡಿ, ಬಹಳ ಚೆನ್ನಾಗಿದೆ, ಆದರೆ ಇದು ಲೆಕ್ಕಕ್ಕೆ ಬರುವುದಿಲ್ಲ ಎಂದರು. ಆಕೆ ಅಳೆಯುವುದು ಗೋಡೆ, ಗಾಜು, ನೆಲ, ಮಾಡು, ಬಾಯ್ಲರ್ ಇಂಥವನ್ನು ಮಾತ್ರವಂತೆ. ಒಳಗೆ ಇರುವವರು ಚಳಿಗಾಲವಿಡೀ ಕಿಟಕಿ ತೆರೆದು ಮಲಗಿದರೂ ಅಕ್ಷರ ಅದೇ, ಹೀಟರ್ ಹಾಕದೆ ನಡುಗುತ್ತಾ ಕೂತರೂ ಅದೇ.

"ಲೇಬಲ್ ಮನೆಗೆ. ಮನೆಯಲ್ಲಿರುವವರಿಗಲ್ಲ."

ನಮ್ಮವರು ಎದ್ದರು. ಮಂಕಿ ಕ್ಯಾಪ್ ತೆಗೆದರು. ಥರ್ಮೋಸ್ಟ್ಯಾಟ್ ಬಳಿ ಹೋಗಿ ನನ್ನ ಕಣ್ಣೆದುರೇ ಅದನ್ನು ಇಪ್ಪತ್ತೊಂದಕ್ಕೆ ಏರಿಸಿದರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ.

ಇದೆಂಥ ಪರೀಕ್ಷೆ? ನಮ್ಮ ಕಾಲದಲ್ಲಿ ಉತ್ತರ ತಪ್ಪಿದರೂ ಅಂದವಾದ ಬರವಣಿಗೆಗೆ ಐದು ಅಂಕ ಇರುತ್ತಿತ್ತು. ನಡತೆಗೆ ಒಂದು ಸಾಲು ಇರುತ್ತಿತ್ತು. ಇಲ್ಲಿ ಹೆಂಕ್ ಬೆಕ್ಕಿಗಾಗಿ ಬಾಗಿಲು ತೆರೆದಿಟ್ಟು ಇಡೀ ಬೀದಿಯನ್ನು ಬೆಚ್ಚಗಿಟ್ಟರೂ ಬಿ. ನಾನು ಹಾವು ಹೊಲಿದು, ಸೂರ್ಯ ಮುಳುಗುವ ನಿಮಿಷಕ್ಕೆ ಸರಿಯಾಗಿ ಪರದೆ ಎಳೆದು, ಮರಳುಗಡಿಯಾರ ಇಟ್ಟುಕೊಂಡು ಸ್ನಾನ ಮಾಡಿದರೂ ಸೊನ್ನೆ. ಶಿಸ್ತು ಎನ್ನುವುದಕ್ಕೆ ಈ ದೇಶದಲ್ಲಿ ಸೆಂಟಿಮೀಟರ್ ಇಲ್ಲ.

ತಪಾಸಣೆ ಮುಂದುವರಿಯಿತು. ಕಿಟಕಿಯ ಎರಡು ಗಾಜುಗಳ ನಡುವಿನ ಪಟ್ಟಿಯಲ್ಲಿ ಇರುವೆ ಸಾಲಿನಂತೆ ಏನೋ ಬರೆದಿತ್ತು. ಮರೈಕೆ ಟಾರ್ಚ್ ಬಿಟ್ಟು ಓದಿ, ಒಳ್ಳೆಯ ಗಾಜು ಎಂದರು. ಅಬ್ಬಾ, ಒಂದು ಸರಿ. ಇಷ್ಟು ದಪ್ಪದ ಗಾಜು ಅಲ್ಲವೇ ಎಂದೆ ನಾನು. ಶಾಖ ತಡೆಯುವುದು ಗಾಜಲ್ಲ, ಎರಡು ಗಾಜುಗಳ ನಡುವೆ ಅಲ್ಲಾಡದೆ ನಿಂತಿರುವ ಗಾಳಿ ಎಂದು ಆಕೆ ವಿವರಿಸಿದರು. ಇರಲಿ, ಯಾರದ್ದಾದರೇನು, ಅಂಕ ಬಂದರೆ ಸಾಕು.

ಬಾಗಿಲ ಬಳಿಯ ಮ್ಯಾಟ್ ಎತ್ತಿದರೆ ನೆಲದಡಿಗೆ ಇಳಿಯುವ ಒಂದು ಮುಚ್ಚಳವಿದೆ. ಮರೈಕೆ ಅಲ್ಲಿ ಉದ್ದಕ್ಕೆ ಮಲಗಿ ತಲೆ ಒಳಗೆ ಹಾಕಿದರು. ಮರಳು ಬಿಟ್ಟರೆ ಏನೂ ಇಲ್ಲ ಎಂದು ಒಳಗಿನಿಂದಲೇ ಕೇಳಿಸಿತು. ಸೊನ್ನೆ. (ಹೆಂಕ್‌ಗೆ ಬಿ ಬಂದದ್ದು ಅವನು ಇಲ್ಲೆಲ್ಲ ಪದರ ಹಾಕಿಸಿದ್ದರಿಂದಂತೆ.) ಗೋಡೆಗೆ ಅರ್ಧ. ಬಾಯ್ಲರಿಗೆ ಪಾಸು. ಎದ್ದು ಬಟ್ಟೆ ಕೊಡವಿಕೊಂಡು ಟ್ಯಾಬ್ಲೆಟ್ ನೋಡಿದರು. ಸದ್ಯಕ್ಕೆ ಡಿ ತೋರಿಸುತ್ತಿದೆ, ಇನ್ನು ಮಾಡಿನ ಮೇಲೆ ನಿಂತಿದೆ ಎಂದರು. ಮಾಡಿನ ಒಳಗಡೆ ಶಾಖ ತಡೆಯುವ ಪದರವಿದ್ದರೆ ಸಿ. ಇಲ್ಲದಿದ್ದರೆ ಡಿ.

ನಮ್ಮವರು ಆಗಲೇ ಮೆಟ್ಟಿಲ ಬುಡದಲ್ಲಿ ಕೂತುಬಿಟ್ಟಿದ್ದರು. ನಾನು ಗಮನಿಸಲಿಲ್ಲ. ಗಮನಿಸಿದ್ದರೂ ಮೊಣಕಾಲು ಅಂದುಕೊಳ್ಳುತ್ತಿದ್ದೆ.

ಅಟ್ಟದ ಕೋಣೆಯ ಬಾಗಿಲು ತೆರೆದರೆ ಇಳಿಜಾರು ಮಾಡಿನ ಎರಡೂ ಬದಿಗೆ ಕೌದಿ. ಒಟ್ಟು ಒಂಬತ್ತು. ನಮ್ಮ ಅತ್ತೆಯವರು ಹಳೆ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೈಯಿಂದ ಹೊಲಿದದ್ದು. ನಮ್ಮವರು ಮರದ ತೊಲೆಗಳಿಗೆ ಒಂದೂ ಸುಕ್ಕಿಲ್ಲದಂತೆ ಮೊಳೆ ಹೊಡೆದು ಕೂರಿಸಿದ್ದು. ಅವರ ಇಡೀ ಜೀವನದಲ್ಲಿ ಅಷ್ಟು ನೇರವಾಗಿ ಮಾಡಿದ ಕೆಲಸ ಇನ್ನೊಂದಿಲ್ಲ.

ಮರೈಕೆ ಬಾಗಿಲಲ್ಲೇ ನಿಂತರು. ಇದು ಯಾವ ವಸ್ತು ಎಂದು ಕೇಳಿದರು.

ಇಲಕಲ್ ಸೀರೆ ಎಂದೆ. ಆಕೆ ಟ್ಯಾಬ್ಲೆಟ್ಟಿನಲ್ಲಿದ್ದ ಶಾಖ ತಡೆಯುವ ವಸ್ತುಗಳ ಪಟ್ಟಿಯನ್ನು ಬೆರಳಿನಿಂದ ಮೇಲೆ ಕೆಳಗೆ ಎಳೆದರು. ಗಾಜಿನ ಉಣ್ಣೆ ಇತ್ತು, ಕಲ್ಲಿನ ಉಣ್ಣೆ ಇತ್ತು, ಕುರಿಯ ಉಣ್ಣೆಯೂ ಇತ್ತು. ಇಲಕಲ್ ಇರಲಿಲ್ಲ. ಎಷ್ಟು ಸೆಂಟಿಮೀಟರ್ ದಪ್ಪ ಎಂದು ಕೇಳಿ ತಾವೇ ಅಳೆದರು: ಎರಡು. ಒಳಗೆ ಏನಿದೆ ಎಂದರು. ಮಾವನವರ ಧೋತರ, ನಾದಿನಿಯ ಶಾಲೆಯ ಯೂನಿಫಾರ್ಮ್, ನನ್ನದೊಂದು ಮೈಸೂರು ಕ್ರೇಪ್ (ಅದು ಚೆನ್ನಾಗಿಯೇ ಇತ್ತು, ನನ್ನನ್ನು ಕೇಳದೆ ಹಾಕಿದ್ದು) ಎಂದೆ. ಯಾವ ವರ್ಷದ ತಯಾರಿಕೆ, ತಯಾರಕರು ಯಾರು ಎಂದರು.

"ನಮ್ಮ ಅತ್ತೆ."

ಬಿಲ್ ಇದೆಯೇ ಎಂದು ಕೇಳಿದ್ದು ಆಗಲೇ. ಅತ್ತೆಯವರು ಕೌದಿಗೆ ಬಿಲ್ ಕೊಡುವವರಲ್ಲ, ಅದನ್ನು ಬೇರೆ ರೀತಿಯಲ್ಲಿ ವಸೂಲಿ ಮಾಡುವವರು ಎಂದು ಡಚ್ಚಿನಲ್ಲಿ ಹೇಳುವುದು ಹೇಗೆಂದು ನನಗೆ ಹೊಳೆಯಲಿಲ್ಲ.

ಕೌದಿಯನ್ನು ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ, ಅದರ ಹಿಂದೆ ಏನಿದೆ ಎಂದು ನೋಡಬೇಕು, ಒಂದು ಮೂಲೆ ಬಿಚ್ಚಿ ಎಂದರು ಮರೈಕೆ. ನಮ್ಮವರು ಎರಡೂ ಕೈ ಚಾಚಿ ಕೌದಿಗೆ ಅಡ್ಡ ನಿಂತರು.

"ಅದನ್ನ ಮುಟ್ಟಂಗಿಲ್ಲ. ನಮ್ಮವ್ವನ ಕೌದಿ ಅದ."

ಈಗ ಇಪ್ಪತ್ತೆರಡು ವರ್ಷ ಹಿಂದಕ್ಕೆ ಹೋಗಬೇಕು. ಆ ವರ್ಷ ಅತ್ತೆಯವರು ಮೂರು ತಿಂಗಳ ವೀಸಾದಲ್ಲಿ ಇಲ್ಲಿಗೆ ಬಂದಿದ್ದರು, ಅವರ ಕೌದಿಗಳ ಗಂಟಿನೊಂದಿಗೆ. ಅವರು ಮಲಗುತ್ತಿದ್ದದ್ದು ಅಟ್ಟದ ಕೋಣೆಯಲ್ಲಿ. ದೀಪಾವಳಿಯ ಹೊತ್ತಿಗೆ ಚಳಿ ಶುರುವಾಯಿತು. ನಾನು ಅಂಗಡಿಯಿಂದ ಗಾಜಿನ ಉಣ್ಣೆಯ ಹಳದಿ ಸುರುಳಿಗಳನ್ನು ತಂದು ಹಜಾರದಲ್ಲಿ ಸಾಲಾಗಿ ನಿಲ್ಲಿಸಿದೆ, ಮಾಡಿಗೆ ಹಾಕಲೆಂದು. ಅತ್ತೆಯವರು ಅವುಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ನನ್ನ ಒಂಬತ್ತು ಕೌದಿ ಇರಬೇಕಾದರೆ ಈ ಹಳದಿ ಹುಲ್ಲು ಯಾಕೆ ಎಂದರು. ನಾನು ಹುಲ್ಲಿನ ಪರ ನಿಂತೆ. ಅವರು ಕೌದಿಯ ಪರ. ಒಂದು ವಾರ ನಮ್ಮ ಮನೆಯಲ್ಲಿ ಉಪ್ಪಿಗೂ ಮಾತಿಲ್ಲ. ನಮ್ಮವರು ಎರಡೂ ಕಡೆಗೆ ಚಹಾ ಸರಬರಾಜು ಮಾಡುತ್ತಿದ್ದರು.

ಅಷ್ಟರಲ್ಲಿ ನಾನು ಕೆಲಸದ ಮೇಲೆ ನಾಲ್ಕು ದಿನ ಬೇರೆ ಊರಿಗೆ ಹೋಗಬೇಕಾಯಿತು. ವಾಪಸ್ ಬಂದು ನೋಡಿದರೆ ಹಜಾರ ಖಾಲಿ. ಅಟ್ಟದಲ್ಲಿ ಒಂಬತ್ತು ಕೌದಿ ನೇರವಾಗಿ ನಿಂತಿವೆ. ಸುರುಳಿಗಳು ಎಲ್ಲಿ ಎಂದೆ. ವಾಪಸ್ ಕೊಟ್ಟೆ ಎಂದರು ನಮ್ಮವರು. ಅತ್ತೆಯವರ ಮುಖದಲ್ಲಿ ದಿಗ್ವಿಜಯ. ಸೋತವಳು ನಾನು. ಅಂದಿನಿಂದ ಪ್ರತಿ ಫೋನಿನಲ್ಲೂ ಅವರದ್ದು ಒಂದೇ ಪ್ರಶ್ನೆ: ನನ್ನ ಕೌದಿ ಮನೆಯನ್ನು ಬೆಚ್ಚಗೆ ಇಟ್ಟಿವೆಯೋ ಇಲ್ಲವೋ? ಇಪ್ಪತ್ತೆರಡು ವರ್ಷದಿಂದ, ಇಟ್ಟಿವೆ ಎಂದು ಹೇಳುತ್ತಾ ಬಂದಿದ್ದೇನೆ. ಬಹಳ ಕಷ್ಟಪಟ್ಟು.

ಹಾಗಾಗಿ ಕೌದಿಯ ಹಿಂದೆ ಬರೀ ಹಲಗೆ ಎಂದು ನನಗೆ ಗೊತ್ತಿತ್ತು. ಡಿ ಖಾತ್ರಿ. ಆದರೆ ನಿಯಮ ನಿಯಮವೇ. ಇನ್ಸ್‌ಪೆಕ್ಟರ್ ಪೆಟ್ಟಿಗೆ ತೆರೆ ಎಂದರೆ ತೆರೆಯಬೇಕು.

"ಏನ್ರೀ, ಇಕ್ಕಳ ತರ್ರಿ" ಎಂದೆ, ಬೋರ್ಡಿಂಗ್ ಶಾಲೆಯ ದನಿಯಲ್ಲಿ.

ಅವರು ಎರಡು ಏಣಿ ಇಳಿದು, ಇಕ್ಕಳ ಹುಡುಕಿ, ಎರಡು ಏಣಿ ಹತ್ತಿ ಬರಲು ಹನ್ನೊಂದು ನಿಮಿಷ ತೆಗೆದುಕೊಂಡರು. ಇಕ್ಕಳ ಇರುವುದು ಎಡಗಡೆಯ ಮೂರನೇ ಡ್ರಾಯರಿನಲ್ಲಿ ಎಂದು ಹೊರಗೆ ಬರೆದೇ ಇದೆ. ಆಮೇಲೆ ಒಂದೊಂದೇ ಮೊಳೆಯನ್ನು ಹಲ್ಲು ಕೀಳುವ ಡಾಕ್ಟರಂತೆ ನಿಧಾನವಾಗಿ ಕಿತ್ತರು. ಹಸಿರು ಇಲಕಲ್ಲಿನ ಮೂಲೆ ಕೆಳಗೆ ಬಿತ್ತು.

ಒಳಗೆ ಹಳದಿ.

ತೊಲೆಯಿಂದ ತೊಲೆಗೆ, ಮೇಲಿನಿಂದ ಕೆಳಗೆ, ಅಚ್ಚುಕಟ್ಟಾಗಿ ತುಂಬಿದ ಹಳದಿ ಗಾಜಿನ ಉಣ್ಣೆ. ಮರೈಕೆ ಚೆಂದ, ಚೆಂದ ಎನ್ನುತ್ತಾ ಒಂದು ಸೂಜಿ ಚುಚ್ಚಿ ನೋಡಿದರು. ಹನ್ನೆರಡು ಸೆಂಟಿಮೀಟರ್. ಫೋಟೊ ಹೊಡೆದರು. ಯಾವಾಗ ಹಾಕಿದ್ದು, ಕಾಗದವೇನಾದರೂ ಇದೆಯೇ ಎಂದರು. ಕಾಗದ ಇಲ್ಲದೆ ಏನು? ಕೆಳಗೆ ಹೋಗಿ 'ಮುಗಿದ ವಿಷಯಗಳು' ಎಂಬ ಫೈಲಿನಿಂದ ಅಂಗಡಿಯ ಬಿಲ್ ತಂದುಕೊಟ್ಟೆ. ಒಂದೂವರೆ ನಿಮಿಷ. ಅಷ್ಟು ಬೇಗ ಯಾರೂ ಕಾಗದ ತಂದುಕೊಟ್ಟಿಲ್ಲ ಎಂದರು ಮರೈಕೆ. ಆ ದಿನ ನನಗೆ ಸಿಕ್ಕ ಏಕೈಕ ಅಂಕ ಅದು.

(ಸುರುಳಿಗಳನ್ನು ವಾಪಸ್ ಕೊಟ್ಟಿದ್ದರೆ ಬಿಲ್ ನನ್ನ ಫೈಲಿನಲ್ಲಿ ಹೇಗೆ ಉಳಿಯುತ್ತಿತ್ತು? ಇಪ್ಪತ್ತೆರಡು ವರ್ಷ ಈ ಪ್ರಶ್ನೆ ನನಗೆ ಹೊಳೆಯಲಿಲ್ಲವೇ ಎಂದು ನೀವು ಕೇಳುತ್ತೀರಿ. ಹೊಳೆಯಲಿಲ್ಲ. ಮುಗಿದ ವಿಷಯಗಳ ಫೈಲನ್ನು ಯಾರು ತೆರೆಯುತ್ತಾರೆ?)

ಮರೈಕೆ ಹೋದ ಮೇಲೆ ನಾನು ನಮ್ಮವರ ಎದುರು ಕೂತೆ.

"ವಾಪಸ್ ಕೊಟ್ಟೆ ಅಂದಿದ್ರಿ."

"ಕೊಟ್ಟೆ. ಮಾಡಿಗೆ ಕೊಟ್ಟೆ."

"ನನಗ ಯಾಕ ಹೇಳ್ಲಿಲ್ಲ?"

"ಅವ್ವನ್ನ ಕೇಳು."

ಅತ್ತೆಯವರಿಗೆ ಈಗ ತೊಂಬತ್ತೊಂದು. ನಾದಿನಿಯ ತುಂಬಿದ ಮನೆಯಲ್ಲಿದ್ದಾರೆ. ಕಿವಿ ಸ್ವಲ್ಪ ಮಂದ, ನಾಲಿಗೆ ಹಾಗೇ ಇದೆ. ಫೋನ್ ಮಾಡಿ, ಮನೆಗೆ ಮಾರ್ಕ್ಸ್ ಹಾಕಲು ಬಂದವರಿಗಾಗಿ ಕೌದಿ ಬಿಚ್ಚಿದೆವು ಎಂದೆ. ಆ ಕಡೆಯಿಂದ ಒಂದು ದೀರ್ಘ ನಗು ಬಂತು.

"ಗೊತ್ತಾತೇನು ಕಡೀಗೆ? ಥಂಡಿ ಬಾಳ ಇತ್ತವಾ. ನಾನ ಹೇಳಿದೆ, ಆ ಹುಲ್ಲು ಹಾಕಪಾ, ಮ್ಯಾಲ ನನ್ನ ಕೌದಿ ಹೊಡಿ, ಆಕಿಗೆ ಮಾತ್ರ ಹೇಳಬ್ಯಾಡ ಅಂತ. ನಾ ಸೋತೆ ಅಂತ ನಿನಗ ಯಾಕ ಗೊತ್ತಾಗಬೇಕು?"

ನಾಲ್ಕು ದಿನ ಅವರು ಸುರುಳಿ ಹಿಡಿದುಕೊಂಡರಂತೆ, ಮಗ ತುಂಬಿದರಂತೆ. ಮೈಯೆಲ್ಲ ತುರಿಕೆ ಬಂದು ಇಬ್ಬರೂ ಕೊಬ್ಬರಿ ಎಣ್ಣೆ ಹಚ್ಚಿಕೊಂಡರಂತೆ. ನಾನು ಬರುವ ಹೊತ್ತಿಗೆ ಸರಿಯಾಗಿ ಅತ್ತೆಯವರು ದಿಗ್ವಿಜಯದ ಮುಖ ಹಾಕಿಕೊಂಡು ಕೂತರಂತೆ. ಫೋನ್ ಇಡುವ ಮುನ್ನ, ಎಷ್ಟು ಮಾರ್ಕ್ಸ್ ಬಂತು ಎಂದು ಕೇಳಿದರು. ಸಿ ಬರಬಹುದು ಎಂದೆ. ಕೌದಿ ಇಲ್ಲದಿದ್ದರೆ ಅದೂ ಬರುತ್ತಿರಲಿಲ್ಲ ಎಂದರು.

ನಾನು ಹೋಗಿ ನೋಟ್‌ಬುಕ್ ತೆರೆದೆ. ಆ ಚಳಿಗಾಲದ ಪುಟ. ವಾರದ ಗ್ಯಾಸ್ ಖರ್ಚು ಧಡಕ್ಕನೆ ಕೆಳಗಿಳಿದಿದೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ನನ್ನದೇ ಕೈಬರಹ, ಕೆಳಗೆ ಎರಡು ಗೆರೆ: 'ವೇಳಾಪಟ್ಟಿಯ ಫಲ'. ಹೀಟರ್, ಪರದೆ, ಸ್ನಾನಕ್ಕೆಲ್ಲ ನಾನು ಆ ವರ್ಷ ಹೊಸದಾಗಿ ಹಾಕಿದ್ದ ವೇಳಾಪಟ್ಟಿ.

ಇಲ್ಲಿನ ಬೆಸ್ಟ್ ಎಂಬ ಊರಿನ ಕನ್ನಡಿಗರ ಯುಗಾದಿ ಕೂಟದಲ್ಲಿ ಇದರ ಮೇಲೆ ಇಪ್ಪತ್ತು ನಿಮಿಷ ಭಾಷಣ ಮಾಡಿದ್ದೇನೆ. ಬೆಂಗಳೂರಿನಿಂದ ಬಂದ ಹುಡುಗಿಯೊಬ್ಬಳು, "ಆಂಟಿ, ನಿಮ್ ಶೆಡ್ಯೂಲ್ ವಾಟ್ಸಾಪ್ ಮಾಡ್ತೀರಾ?" ಎಂದು ಕೇಳಿ ತೆಗೆದುಕೊಂಡು ಹೋಗಿದ್ದಳು. ಇದೇ ಅಂಕಣದಲ್ಲೂ ಎರಡು ಸಲ ಬರೆದಿದ್ದೇನೆ. ಅದನ್ನು ನಂಬಿ ಥರ್ಮೋಸ್ಟ್ಯಾಟ್ ಇಳಿಸಿ ನೆಗಡಿ ತಂದುಕೊಂಡ ಓದುಗರಲ್ಲಿ ಈ ಮೂಲಕ ಕ್ಷಮೆ ಕೇಳುತ್ತೇನೆ. ಹಾವನ್ನು ಮಾತ್ರ ಬಿಡಬೇಡಿ. ಅದು ನಿಜವಾಗಿಯೂ ಕೆಲಸ ಮಾಡುತ್ತದೆ.

ಗುರುವಾರ ಲೇಬಲ್ ಬಂತು. ಸಿ. ಹೆಂಕ್ ಚಡ್ಡಿಯಲ್ಲೇ ಬಂದು ಕೈ ಕುಲುಕಿ ಅಭಿನಂದಿಸಿದ. ರಾಬ್ ಶುಕ್ರವಾರ ಜಾಹೀರಾತು ಹಾಕಿದ. ಶನಿವಾರ ನೋಡಲು ಬರುವವರ ಪಟ್ಟಿಯಲ್ಲಿ ಆಗಲೇ ಆರು ಹೆಸರು. ಇಲ್ಲಿ ಮನೆ ಮಾರುವವರು ಯಾವ ವಸ್ತು ಮನೆಯಲ್ಲೇ ಉಳಿಯುತ್ತದೆ, ಯಾವುದು ತಮ್ಮೊಂದಿಗೆ ಹೋಗುತ್ತದೆ ಎಂದು ಒಂದು ಪಟ್ಟಿಯನ್ನೂ ತುಂಬಬೇಕು. ನಾನು ಪರದೆ, ಲೈಟು, ಗ್ಯಾಸ್ ಒಲೆ ಎಂದು ಕ್ರಮವಾಗಿ ತುಂಬುತ್ತಿದ್ದೆ. ನಮ್ಮವರು ಪೆನ್ನು ಕಸಿದುಕೊಂಡು ಎರಡು ಸಾಲು ಬರೆದರು. ಹಳದಿ ಹುಲ್ಲು: ಉಳಿಯುತ್ತದೆ. ಕೌದಿ ಒಂಬತ್ತು: ನಮ್ಮೊಂದಿಗೆ.

ಪೆನ್ನು ವಾಪಸ್ ಕೊಟ್ಟು ಚಹಾ ಇಡಲು ಹೋದರು. ಮನೆಗೇನೋ ಸಿ ಬಂತು. ಅತ್ತೆ ಸೊಸೆ ಎಂಬ ಎರಡು ಗಾಜುಗಳ ನಡುವೆ ಇಪ್ಪತ್ತೆರಡು ವರ್ಷ ಅಲ್ಲಾಡದೆ ನಿಂತ ಈ ಮನುಷ್ಯನಿಗೆ ಯಾವ ಅಕ್ಷರ ಕೊಡುತ್ತೀರಿ?